ರೀಗಾದಲ್ಲಿ ವೆಫ್ ಪಂದ್ಯ: ಟಿಕೆಟ್ ತೆಗೆದದ್ದು ಬಾಸ್ಕೆಟ್‌ಬಾಲ್‌ಗೆ, ಸಿಕ್ಕಿದ್ದು ಒಂದು ಫ್ಯಾಕ್ಟರಿಯ ಕಥೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಸ್ಕೆಟ್‌ಬಾಲ್ ಪಂಡಿತ ಅಲ್ಲ. ಶಾಲೆಯಲ್ಲಿ ಆಡಿದ್ದು ಕೂಡ ಪಿಟಿ ಮೇಷ್ಟ್ರು ಬೈದಾಗ ಮಾತ್ರ. ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ಬಂದು ಇದು ಎರಡನೇ ಚಳಿಗಾಲ. ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲೆ. ಕೆಲಸ ಮುಗಿಸಿ ರೂಮಿಗೆ ಬಂದರೆ ಅನ್ನ ಸಾರು ಮಾಡಿ ಗೋಡೆ ನೋಡುತ್ತಾ ಕೂರಬೇಕು. ಹಾಗಿರುವಾಗ ಪಕ್ಕದ ರೂಮಿನ ದಾವಣಗೆರೆ ಹುಡುಗ, ಇಲ್ಲೇ ಓದುತ್ತಿದ್ದಾನೆ, "ಬಾರಣ್ಣ, ಶನಿವಾರ ವೆಫ್ ಮ್ಯಾಚ್ ಇದೆ, ಒಳಗೆ ಹೀಟರ್ ಆದರೂ ಇರುತ್ತೆ" ಅಂದ. ವೆಫ್ ಅಂದರೆ ಇಲ್ಲಿನ ಬಾಸ್ಕೆಟ್‌ಬಾಲ್ ಕ್ಲಬ್. ಹೀಟರ್ ಆಸೆಗೆ ಹೋದೆ, ನಿಜ ಹೇಳಬೇಕೆಂದರೆ.

ಟಿಕೆಟ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅವಸರದಲ್ಲಿ ಫೋನಿನಲ್ಲಿ ಮೊದಲು ಕಂಡ ಯಾವುದೋ ಮರುಮಾರಾಟದ ಸೈಟಿನಲ್ಲಿ ಕೊಂಡೆ. ಹೆಸರು ಬೇಡ, ಅದು ಇಲ್ಲಿನದೂ ಅಲ್ಲ. ಬೆಲೆ ಎರಡು ಪಟ್ಟು. ಬಾಗಿಲಲ್ಲಿ ತೋರಿಸಿದರೆ ಕೋಡ್ ಸ್ಕ್ಯಾನ್ ಆಗಲಿಲ್ಲ. ಬಾಗಿಲಲ್ಲಿದ್ದ ಹುಡುಗಿ ಮುಖ ಸಿಂಡರಿಸದೆ ಪಕ್ಕದ ಕೌಂಟರ್ ತೋರಿಸಿದಳು, ಹೊಸದಾಗಿ ಎರಡು ಟಿಕೆಟ್ ತೆಗೆದುಕೊಂಡೆವು, ಇಬ್ಬರದೂ ಸೇರಿ ಒಂದು ಸಾಧಾರಣ ಊಟದ ದುಡ್ಡು ಆಯಿತು. ಯುರೋಪಿನಲ್ಲಿ ಈ ಮಟ್ಟದ ಆಟವನ್ನು ಈ ದುಡ್ಡಿಗೆ ಇಷ್ಟು ಹತ್ತಿರದಿಂದ ನೋಡುವುದು ಅಗ್ಗವೇ. ಕ್ಲಬ್ಬಿನದೇ ದಾರಿಯಲ್ಲಿ ಕೊಂಡಿದ್ದರೆ ಇನ್ನೂ ಅಗ್ಗ.

ಹೆಸರಿನಿಂದ ಶುರು ಮಾಡೋಣ, ಯಾಕೆಂದರೆ ನನಗೆ ಈ ಕ್ಲಬ್ ಇಷ್ಟವಾಗಿದ್ದೇ ಹೆಸರಿನಿಂದ. ಇಲ್ಲಿನವರು ವಿ-ಇ-ಎಫ್ ಅಂತ ಬಿಡಿಸಿ ಹೇಳುವುದಿಲ್ಲ, ಒಂದೇ ಉಸಿರಿಗೆ ವೆಫ್ ಅನ್ನುತ್ತಾರೆ. ಬಿಡಿಸಿದರೆ ಅದು ಸರ್ಕಾರಿ ಎಲೆಕ್ಟ್ರಿಕಲ್ ಫ್ಯಾಕ್ಟರಿ, ಅಷ್ಟೇ. ಟೆಲಿಫೋನ್, ಟೆಲಿಫೋನ್ ಎಕ್ಸ್‌ಚೇಂಜ್, ರೇಡಿಯೊ ಮಾಡುತ್ತಿದ್ದ ಕಾರ್ಖಾನೆ. ಗೂಢಚಾರರ ಕ್ಯಾಮೆರಾ ಅಂತ ಹೆಸರಾದ ಪುಟಾಣಿ ಮಿನಾಕ್ಸ್ ಇದೆಯಲ್ಲ, ಅದು 1930ರ ದಶಕದಲ್ಲಿ ಮೊದಲು ತಯಾರಾಗಿದ್ದು ಇಲ್ಲೇ. ಆಮೇಲೆ ಸೋವಿಯತ್ ಕಾಲದಲ್ಲಿ ಸ್ಪೀಡೊಲಾ ಅನ್ನುವ ಟ್ರಾನ್ಸಿಸ್ಟರ್ ಮಾಡಿದರು, ಅದರಲ್ಲಿ ಜನ ರಾತ್ರಿ ಹೊತ್ತು ಮೆಲ್ಲಗೆ ವಿದೇಶಿ ಸ್ಟೇಷನ್ ಹಿಡಿದು ಕೇಳುತ್ತಿದ್ದರಂತೆ.

ನಾನು ಬೆಳೆದದ್ದು ಬೆಂಗಳೂರಿನ ದೂರವಾಣಿನಗರದಲ್ಲಿ. ಅಪ್ಪ ಐಟಿಐನಲ್ಲಿ ಇದ್ದರು. ಟೆಲಿಫೋನ್ ಫ್ಯಾಕ್ಟರಿ, ಅದರ ಕ್ವಾರ್ಟರ್ಸ್, ಅದರ ಆಸ್ಪತ್ರೆ, ಅದರ ಫುಟ್‌ಬಾಲ್ ಟೀಮ್. ಸೈರನ್ ಕೂಗಿದರೆ ಊರೆಲ್ಲ ಊಟಕ್ಕೆ ಹೊರಡುತ್ತಿತ್ತು. ಹಾಗಾಗಿ ರೀಗಾದಲ್ಲಿ ಒಂದು ಟೆಲಿಫೋನ್ ಫ್ಯಾಕ್ಟರಿಯ ಹೆಸರು ಹೊತ್ತ ಬಾಸ್ಕೆಟ್‌ಬಾಲ್ ತಂಡ ಇದೆ ಅಂದಾಗ ನನಗೆ ವಿವರಿಸುವವರು ಬೇಕಾಗಲಿಲ್ಲ.

ಪಂದ್ಯ ನಡೆದದ್ದು ಗ್ರೊಸ್ತೊನಾಸ್ ಬೀದಿಯ ಒಲಿಂಪಿಕ್ ಕ್ರೀಡಾ ಕೇಂದ್ರದಲ್ಲಿ. ಹೆಸರು ದೊಡ್ಡದು, ಹಾಲ್ ಚಿಕ್ಕದು. ಅದೇ ಅದರ ಹೆಚ್ಚುಗಾರಿಕೆ. ಒಳಗೆ ಹೋದ ತಕ್ಷಣ ಕೋಟು ಕೊಟ್ಟು ನಂಬರ್ ಟೋಕನ್ ತೆಗೆದುಕೊಳ್ಳಬೇಕು, ಇಲ್ಲಿ ಕೋಟು ಹಾಕಿಕೊಂಡು ಕೂರುವುದು ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದ ಹಾಗೆ. ನಮ್ಮ ಸೀಟು ಮೂರನೇ ಸಾಲು. ಅಲ್ಲಿಂದ ಶೂ ಕಿರುಚುವುದು, ಕೋಚ್ ಬೈಯುವುದು, ಚೆಂಡು ಬಲೆಯೊಳಗೆ ಇಳಿಯುವ ಸದ್ದು, ಎಲ್ಲ ಕೇಳುತ್ತದೆ. ಟಿವಿಯಲ್ಲಿ ಈ ಆಟ ಎಷ್ಟು ಮೆತ್ತಗೆ ಕಾಣುತ್ತದೆ ಅಲ್ವಾ, ಹತ್ತಿರದಿಂದ ನೋಡಿದರೆ ಇದು ತಳ್ಳಾಟ, ನೂಕಾಟ, ಬೆವರು. ಎರಡು ಮೀಟರ್ ದಾಟಿದ ಒಬ್ಬ ಬಾಸ್ಕೆಟ್ ಕೆಳಗೆ ಇನ್ನೊಬ್ಬನಿಗೆ ಮೊಣಕೈ ಕೊಟ್ಟಿದ್ದು ನನಗೇ ನೋವಾದ ಹಾಗಾಯಿತು.

ಎದುರಾಳಿ ಎಸ್ಟೋನಿಯಾದ ತಂಡ. 2018ರಿಂದ ಎರಡು ದೇಶದ ಕ್ಲಬ್‌ಗಳು ಸೇರಿ ಒಂದೇ ಲೀಗ್ ನಡೆಸುತ್ತವೆ. ಲಾಟ್ವಿಯಾದ ಜನಸಂಖ್ಯೆ ಇಪ್ಪತ್ತು ಲಕ್ಷಕ್ಕಿಂತ ಕಡಿಮೆ, ಎಸ್ಟೋನಿಯಾದ್ದು ಇನ್ನೂ ಕಡಿಮೆ. ಎರಡನ್ನೂ ಸೇರಿಸಿದರೂ ನಮ್ಮ ಬೆಂಗಳೂರಿನ ಮೂಲೆಗೆ ಸಾಲದು. ಆಟ ಮಾತ್ರ ಮೂಲೆಯದಲ್ಲ. ಅಮೆರಿಕದಿಂದ ಬಂದ ಇಬ್ಬರು ಮೂವರು ಆಟಗಾರರು, ಉಳಿದವರು ಇಲ್ಲಿನ ಹುಡುಗರು. ಡ್ರಮ್ ಹೊಡೆಯುವ ಗುಂಪು ಒಂದು ಮೂಲೆಯಲ್ಲಿ. ನಾವು ಗೊತ್ತಿಲ್ಲದೆ ಅದರ ಪಕ್ಕದಲ್ಲೇ ಕೂತಿದ್ದೆವು, ಮರುದಿನ ಬೆಳಿಗ್ಗೆವರೆಗೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಮಧ್ಯಂತರದಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ಬಾಸ್ಕೆಟ್‌ಗೆ ಎಸೆಯಲು ಹೇಳಿದರು. ಏಳೆಂಟು ವರ್ಷದ ಒಬ್ಬಳು ಹುಡುಗಿ ಸತತ ನಾಲ್ಕು ಹಾಕಿದಳು, ಇಡೀ ಸಂಜೆಯ ದೊಡ್ಡ ಚಪ್ಪಾಳೆ ಬಿದ್ದದ್ದು ಅವಳಿಗೇ.

ಊಟ ತಿಂಡಿ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿ ಪೀರಾಗಿ ಅಂತ ಪುಟ್ಟ ಬನ್ ಸಿಗುತ್ತದೆ, ನೋಡಲು ನಮ್ಮ ಪಫ್ಸ್ ತರಹ, ಒಳಗೆ ಹಂದಿಮಾಂಸ. ಕೇಳಿಯೇ ಕಚ್ಚಿ. ನಾವು ಬರುವ ದಾರಿಯಲ್ಲಿ ಒಂದು ಅಂಗಡಿಯಲ್ಲಿ "ಮಾಂಸ ಇಲ್ಲ" ಅಂತ ಕೊಟ್ಟದ್ದರಲ್ಲಿ ಇತ್ತು, ದಾವಣಗೆರೆ ಹುಡುಗ ಅರ್ಧ ತಿಂದ ಮೇಲೆ ಗೊತ್ತಾಯಿತು, ಅವನ ಮುಖ ನೋಡಲಾಗಲಿಲ್ಲ. ಕ್ಷೇಮವಾದದ್ದು ಬೆಳ್ಳುಳ್ಳಿ ಹಚ್ಚಿ ಕರಿದ ಕಪ್ಪು ರೈ ಬ್ರೆಡ್ಡಿನ ತುಂಡು. ರುಚಿ ಸಖತ್ತಾಗಿರುತ್ತದೆ. ತಿಂದ ಮೇಲೆ ಟ್ರಾಮ್‌ನಲ್ಲಿ ಯಾರೂ ಪಕ್ಕ ಕೂರುವುದಿಲ್ಲ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಂದ್ಯ ನೋಡಿದ್ದು ಎರಡು ಗಂಟೆ, ಅದರ ಹಿಂದಿನದನ್ನು ಓದಿ ಕೇಳಿ ತಿಳಿದುಕೊಂಡದ್ದು ಎರಡು ತಿಂಗಳು. ಪಂದ್ಯಕ್ಕೆ ಮೊದಲು "ಸೋವಿಯತ್ ರೀಗಾ" ತೋರಿಸುತ್ತೇವೆ ಅನ್ನುವ ಒಂದು ಕಾಲ್ನಡಿಗೆ ಟೂರಿಗೂ ದುಡ್ಡು ಕೊಟ್ಟಿದ್ದೆ. ಗೈಡ್ ಮೂರು ಗಂಟೆ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ, ಕೆಜಿಬಿ ಅಂದ. ಬಾಸ್ಕೆಟ್‌ಬಾಲ್ ಬಗ್ಗೆ ಕೇಳಿದೆ, "ಹಾ, ನಮ್ಮಲ್ಲಿ ಜನಪ್ರಿಯ" ಅಂತ ಹೇಳಿ ಮುಂದೆ ನಡೆದ. ದುಡ್ಡು ದಂಡ.

ಕಥೆ ಇರುವುದು ಹೀಗೆ. ಯುರೋಪಿನ ಮೊಟ್ಟಮೊದಲ ಬಾಸ್ಕೆಟ್‌ಬಾಲ್ ಚಾಂಪಿಯನ್ ದೇಶ ಲಾಟ್ವಿಯಾ, 1935ರಲ್ಲಿ ಜಿನೀವಾದಲ್ಲಿ. ಐದು ವರ್ಷಕ್ಕೆ ದೇಶವನ್ನೇ ಸೋವಿಯತ್ ಒಕ್ಕೂಟ ನುಂಗಿತು. ಆಟ ಮಾತ್ರ ಜನರಲ್ಲಿ ಉಳಿಯಿತು. ಸೋವಿಯತ್ ಪದ್ಧತಿಯಲ್ಲಿ ಖಾಸಗಿ ಕ್ಲಬ್ ಅಂತ ಇರಲಿಲ್ಲವಲ್ಲ, ಪ್ರತಿ ತಂಡಕ್ಕೂ ಒಂದು ಇಲಾಖೆಯೋ ಫ್ಯಾಕ್ಟರಿಯೋ ಬೇಕು. ಹಾಗೆ ರೀಗಾದಲ್ಲಿ ಮೂರು ದೊಡ್ಡ ಹೆಸರು ಬಂದವು. ಸೈನ್ಯದ್ದು ಆಸ್ಕ್. ಫ್ಯಾಕ್ಟರಿಯದು ವೆಫ್. ಹೆಂಗಸರ ತಂಡ ಟಿಟಿಟಿ, ಅಂದರೆ ಟ್ರಾಮ್ ಮತ್ತು ಟ್ರಾಲಿಬಸ್ ಟ್ರಸ್ಟ್. ನಮ್ಮ ಬಿಎಂಟಿಸಿ ಹೆಂಗಸರ ಟೀಮ್ ಕಟ್ಟಿದ ಹಾಗೆ ಅಂದುಕೊಳ್ಳಿ.

ಇದರಲ್ಲಿ ಆಸ್ಕ್ ಸಾಧನೆ ಕೇಳಿದರೆ ತಲೆ ತಿರುಗುತ್ತದೆ. ಯುರೋಪಿನ ಕ್ಲಬ್ ಚಾಂಪಿಯನ್ನರ ಕಪ್, ಇವತ್ತಿನ ಯೂರೋಲೀಗ್‌ನ ಅಜ್ಜ, ಶುರುವಾಗಿದ್ದು 1958ರಲ್ಲಿ. ಮೊದಲ ಮೂರು ಕಪ್, 1958, 1959, 1960, ಮೂರನ್ನೂ ಗೆದ್ದದ್ದು ಈ ರೀಗಾ ತಂಡ. ಮೊದಲ ವರ್ಷ ಸೆಮಿಫೈನಲ್‌ನಲ್ಲಿ ಎದುರಾಳಿ ರಿಯಲ್ ಮ್ಯಾಡ್ರಿಡ್. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಸೋವಿಯತ್ ನೆಲಕ್ಕೆ ಹೋಗಲು ತಂಡವನ್ನು ಬಿಡಲಿಲ್ಲ, ಆಡದೆಯೇ ಆಸ್ಕ್ ಫೈನಲ್‌ಗೆ ಹೋಯಿತು. ಕೋಚ್ ಅಲೆಕ್ಸಾಂಡರ್ ಗೊಮೆಲ್ಸ್ಕಿ, ಆಗ ಇನ್ನೂ ಮೂವತ್ತರ ಹರೆಯ. ಕುಳ್ಳ ಮನುಷ್ಯ. ಅವನ ತಂಡದ ನಡುವೆ ನಿಂತವನು ಯಾನಿಸ್ ಕ್ರೂಮಿನ್ಶ್, ಎರಡು ಮೀಟರ್ ಇಪ್ಪತ್ತರ ಹತ್ತಿರ. ಕಾಡಿನಲ್ಲಿ ಕೆಲಸ ಮಾಡಿಕೊಂಡಿದ್ದವನನ್ನು ಇಪ್ಪತ್ತು ದಾಟಿದ ಮೇಲೆ ಕರೆತಂದು ಚೆಂಡು ಹಿಡಿಯುವುದನ್ನು ಕಲಿಸಿದರು. ಆಮೇಲೆ ಅವನು 1956, 1960, 1964ರ ಮೂರು ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡಕ್ಕೆ ಆಡಿ ಮೂರು ಬೆಳ್ಳಿ ತಂದ. ಮೂರು ಸಲವೂ ಚಿನ್ನ ತಪ್ಪಿಸಿದ್ದು ಅಮೆರಿಕ.

ಟಿಟಿಟಿ ಕಥೆ ಇನ್ನೂ ಮೇಲೆ. ಹೆಂಗಸರ ಯುರೋಪಿಯನ್ ಕಪ್ಪನ್ನು ಹದಿನೆಂಟು ಸಲ ಗೆದ್ದಿದ್ದಾರೆ. ತಪ್ಪು ಓದಿಲ್ಲ ನೀವು, ಹದಿನೆಂಟು. 1964ರಿಂದ 1975ರವರೆಗೆ ಒಂದು ವರ್ಷವೂ ಬಿಡದೆ ಹನ್ನೆರಡು. ಅವರ ಉಲ್ಯಾನಾ ಸೆಮ್ಯೊನೊವಾ ಸುಮಾರು ಏಳು ಅಡಿ ಎತ್ತರ, 1976 ಮತ್ತು 1980ರಲ್ಲಿ ಒಲಿಂಪಿಕ್ ಚಿನ್ನ, ಅಮೆರಿಕದ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ 1993ರಿಂದ ಹೆಸರಿದೆ. ಟ್ರಾಮ್ ಇಲಾಖೆಯ ತಂಡ ಸ್ವಾಮಿ!

ಇಷ್ಟರ ನಡುವೆ ನಮ್ಮ ವೆಫ್? ಯುರೋಪಿಯನ್ ಕಪ್ ಇಲ್ಲ. ಸೋವಿಯತ್ ಚಾಂಪಿಯನ್‌ಶಿಪ್ ಕೂಡ ಇಲ್ಲ. ಆಸ್ಕ್ ಬಿಟ್ಟು ಬಂದ ಕ್ರೂಮಿನ್ಶ್ ಇದ್ದಾಗ, 1966ರಲ್ಲಿ, ಮೂರನೇ ಸ್ಥಾನ. ಮಾಸ್ಕೋದ ಸೈನ್ಯದ ತಂಡಕ್ಕೆ ಬೇಕಾದವರನ್ನು ಬೇಕಾದಾಗ ಎತ್ತಿಕೊಳ್ಳುವ ಅಧಿಕಾರ ಇದ್ದ ಕಾಲ ಅದು, ಹುಡುಗರಿಗೆ ಸೈನ್ಯದ ಕರೆ ಬಂದರೆ ಮುಗೀತು. ಕೋಚ್ ಗೊಮೆಲ್ಸ್ಕಿಯನ್ನೇ ಮಾಸ್ಕೋ ಎತ್ತಿಕೊಂಡ ಮೇಲೆ ಫ್ಯಾಕ್ಟರಿ ತಂಡ ಏನು ಮಾಡಬೇಕು?

ಆದರೂ ವೆಫ್‌ಗೆ ಒಬ್ಬ ವಾಲ್ಡಿಸ್ ವಾಲ್ಟರ್ಸ್ ಸಿಕ್ಕಿದ. ಇವನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ. ಗಾರ್ಡ್, ಅಂದರೆ ಚೆಂಡು ಪುಟಿಸಿ ಆಟ ನಡೆಸುವ ಜಾಗದ ಆಟಗಾರ, 1981ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನದ ಜೊತೆ ಟೂರ್ನಿಯ ಅತ್ಯುತ್ತಮ ಆಟಗಾರ, ಮರುವರ್ಷ ವಿಶ್ವ ಚಾಂಪಿಯನ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೋವಿಯತ್ ಒಕ್ಕೂಟ ಬಹಿಷ್ಕಾರ ಹಾಕಿತು, ಆಟ ತುತ್ತತುದಿಯಲ್ಲಿದ್ದಾಗ ಅದೂ ಹೋಯಿತು. ಆಮೇಲೆ 1986, ಮ್ಯಾಡ್ರಿಡ್, ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್, ಎದುರಿಗೆ ಯುಗೊಸ್ಲಾವಿಯಾ. ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದೆ, ಸೋವಿಯತ್ ತಂಡ ಒಂಬತ್ತು ಅಂಕ ಹಿಂದೆ. ಜನ ಎದ್ದು ಹೊರಡುವ ಹೊತ್ತು. ಸೋವಿಯತ್ ತಂಡದ ಸಬೋನಿಸ್ ಒಂದು ಮೂರು ಅಂಕದ ಎಸೆತ ಹಾಕಿದ. ಟಿಖೊನೆಂಕೊ ಇನ್ನೊಂದು. ಚೆಂಡು ಈಗ ಯುಗೊಸ್ಲಾವಿಯಾ ಕೈಯಲ್ಲಿ, ಸುಮ್ಮನೆ ಹಿಡಿದುಕೊಂಡು ಕಾಲ ಕಳೆದರೆ ಗೆದ್ದ ಹಾಗೆ, ಆದರೆ ಹದಿಹರೆಯದ ವ್ಲಾಡೆ ಡಿವಾಚ್ ಚೆಂಡು ಪುಟಿಸುವುದರಲ್ಲಿ ತಪ್ಪು ಮಾಡಿ ಅದನ್ನು ಎದುರಾಳಿಗೆ ಕೊಟ್ಟುಬಿಟ್ಟ, ಮತ್ತು ಆ ಕೊನೆಯ ಚೆಂಡನ್ನು ದೂರದಿಂದ ಎಸೆದು 85-85 ಮಾಡಿದವನು ರೀಗಾದ ಟೆಲಿಫೋನ್ ಫ್ಯಾಕ್ಟರಿ ತಂಡದ ವಾಲ್ಟರ್ಸ್. ಹೆಚ್ಚುವರಿ ಸಮಯದಲ್ಲಿ 91-90ಕ್ಕೆ ಗೆದ್ದರು. ಫೈನಲ್‌ನಲ್ಲಿ ಅಮೆರಿಕಕ್ಕೆ ಎರಡೇ ಅಂಕದಿಂದ ಸೋತರು, ಅದು ಬೇರೆ ಮಾತು. ಈ ವಿಡಿಯೊ ಹುಡುಕಿ ನೋಡಿ. ನಾನು ಐದಾರು ಸಲ ನೋಡಿದ್ದೇನೆ, ಪ್ರತಿ ಸಲವೂ ಡಿವಾಚ್‌ಗಾಗಿ ಅಯ್ಯೋ ಅನ್ನಿಸುತ್ತದೆ.

ವೆಫ್‌ಗೆ ಆಡಿದ ಇನ್ನೊಬ್ಬ ಗುಂದಾರ್ಸ್ ವೇತ್ರಾ, 1992-93ರಲ್ಲಿ ಮಿನೆಸೋಟಾ ಟಿಂಬರ್‌ವುಲ್ವ್ಸ್‌ಗೆ ಹೋಗಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಆಡಿದ ಮೊದಲ ಲಾಟ್ವಿಯನ್ ಆದ. ಹದಿಮೂರೇ ಪಂದ್ಯ. ಇವತ್ತು ಎನ್‌ಬಿಎಯ ಲಾಟ್ವಿಯನ್ ತಾರೆ ಪೋರ್ಜಿಂಗಿಸ್ ಅಂತ ಕುಣಿಯುವವರಿಗೆ ಈ ಹದಿಮೂರು ಪಂದ್ಯದ ಬೆಲೆ ಗೊತ್ತಿದ್ದರೆ ಒಳ್ಳೆಯದು.

ಅಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಫ್ಯಾಕ್ಟರಿಯ ಗಿರಾಕಿ ಪೂರ್ತಿ ಆ ಕಡೆಯವರೇ, ರಾತ್ರೋರಾತ್ರಿ ಆ ಮಾರುಕಟ್ಟೆ ಹೋಯಿತು, ಫ್ಯಾಕ್ಟರಿ ಕುಸಿಯಿತು, ತಂಡವೂ ಅದರ ಜೊತೆಗೆ ಮುಗಿಯಿತು. 1990ರ ದಶಕದಲ್ಲಿ ಲಾಟ್ವಿಯಾದ ಲೀಗ್ ಆಳಿದ್ದು ಬ್ರೊಟ್ಸೇನಿ ಅನ್ನುವ ಸಿಮೆಂಟ್ ಊರಿನ ಹೆಸರು ಹೊತ್ತ ತಂಡ. ಆಮೇಲೆ 2000ದಿಂದ 2006ರವರೆಗೆ ಏಳು ವರ್ಷ ಬಂದರು ಪಟ್ಟಣ ವೆಂಟ್ಸ್‌ಪಿಲ್ಸ್. ರೀಗಾದವರು ಹೊಟ್ಟೆಕಿಚ್ಚಿನಿಂದ ಬೆಂದಿರಬೇಕು. 2007ರಲ್ಲಿ ಹಳೆ ಹೆಸರನ್ನೇ ಎತ್ತಿಕೊಂಡು ವೆಫ್ ರೀಗಾ ಅಂತ ಹೊಸ ಕ್ಲಬ್ ಕಟ್ಟಿದರು. 2011ರಲ್ಲಿ ಮೊದಲ ಸಲ ಲಾಟ್ವಿಯಾ ಚಾಂಪಿಯನ್, ಮತ್ತೆ 2012, 2013, ಆಮೇಲೆ 2015, 2017, 2019, ಹೀಗೆ. ರಷ್ಯಾದ ಕ್ಲಬ್‌ಗಳಿರುವ ವಿಟಿಬಿ ಲೀಗ್‌ನಲ್ಲೂ ವರ್ಷಗಟ್ಟಲೆ ಆಡಿದರು. ಅಲ್ಲಿ ದುಡ್ಡೂ ಇತ್ತು, ದೊಡ್ಡ ಎದುರಾಳಿಗಳೂ ಇದ್ದರು. 2022ರಲ್ಲಿ ಉಕ್ರೇನ್ ಮೇಲೆ ದಾಳಿಯಾಗುವ ಮೊದಲೇ ಅಲ್ಲಿಂದ ಹೊರಬಂದಿದ್ದರು.

ಹಾಗಾದರೆ ಇದು ಅದೇ ಕ್ಲಬ್ಬಾ? ದಾವಣಗೆರೆ ಹುಡುಗನ ವಾದ, ಅಲ್ಲ. "ನಡುವೆ ಹದಿನೈದು ವರ್ಷ ಇರಲೇ ಇಲ್ಲ, ಫ್ಯಾಕ್ಟರಿಯೂ ಇಲ್ಲ, ಬೋರ್ಡ್ ಮಾತ್ರ ತಗಲಿಸಿದ್ದಾರೆ, ಹಳೆ ಹೋಟೆಲ್ ಹೆಸರಲ್ಲಿ ಹೊಸಬರು ದೋಸೆ ಹುಯ್ದ ಹಾಗೆ." ಮಾತು ಸುಳ್ಳಲ್ಲ. ಆದರೆ ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ತಾತ ಕೂತಿದ್ದರು. ಡ್ರಮ್ ಹೊಡೆದಾಗ ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ, ಒಳ್ಳೆಯ ಪಾಸ್ ಬಿದ್ದಾಗ ಮಾತ್ರ ತಲೆ ಅಲ್ಲಾಡಿಸುತ್ತಿದ್ದರು, ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನ ಹಿರಿಯರು ಸಂಗತಿಗೆ ತಲೆದೂಗುವ ಹಾಗೆ. ಮಧ್ಯಂತರದಲ್ಲಿ ಹರಕು ಇಂಗ್ಲಿಷಿನಲ್ಲಿ ಮಾತಾಡಿದರು. ವಾಲ್ಟರ್ಸ್ ಆಡಿದ್ದನ್ನು ನೋಡಿದ್ದಾರಂತೆ. ಫ್ಯಾಕ್ಟರಿಯಲ್ಲಿ ಅವರ ಹೆಂಡತಿ ಕೆಲಸಕ್ಕಿದ್ದರಂತೆ, ರೇಡಿಯೊ ವಿಭಾಗ. ಇದು ಅದೇ ತಂಡವಾ ಅಂತ ನಾನು ಕೇಳಿಯೇ ಬಿಟ್ಟೆ. ಅವರು ಪ್ರಶ್ನೆ ಅರ್ಥವಾಗದವರ ಹಾಗೆ ನೋಡಿ, ಅಂಕಣದ ಕಡೆ ಕೈ ತೋರಿಸಿ "ವೆಫ್" ಅಂದರು.

ವಿಚಿತ್ರ ನೋಡಿ, ಮೂರು ಯುರೋಪಿಯನ್ ಕಪ್ ಗೆದ್ದ ಆಸ್ಕ್ ಹೆಸರು ಇವತ್ತು ಇತಿಹಾಸ ಓದುವವರಿಗೆ ಮಾತ್ರ. ಏನೂ ದೊಡ್ಡದು ಗೆಲ್ಲದ ಫ್ಯಾಕ್ಟರಿ ತಂಡದ ಹೆಸರನ್ನು ಜನ ಮತ್ತೆ ಹುಡುಕಿ ತಂದರು. ಸೈನ್ಯ ಅಂದರೆ ಮಾಸ್ಕೋದ್ದು, ಫ್ಯಾಕ್ಟರಿ ಅಂದರೆ ತಮ್ಮದು. ಮನೆಯಲ್ಲಿ ಒಬ್ಬರಾದರೂ ಅಲ್ಲಿ ಕೆಲಸ ಮಾಡಿದ್ದರು, ಅಡುಗೆಮನೆಯ ಕಿಟಕಿ ಮೇಲೆ ಅವರೇ ಮಾಡಿದ ರೇಡಿಯೊ ಇತ್ತು. ಅದು ಕಾರಣ ಅಂತ ನನಗನ್ನಿಸುತ್ತದೆ. ಐಟಿಐ ಕ್ವಾರ್ಟರ್ಸ್‌ನಲ್ಲಿ ಬೆಳೆದವನ ಮಾತು, ಸ್ವಲ್ಪ ಪಕ್ಷಪಾತ ಇದ್ದರೆ ಇರಲಿ.

ಮರುದಿನ ಭಾನುವಾರ ಯುಗ್ಲಾ ಕಡೆಗೆ ಹೋಗುವ ಟ್ರಾಮ್ ಹತ್ತಿ ಬ್ರೀವಿಬಾಸ್ ರಸ್ತೆಯಲ್ಲಿ ಫ್ಯಾಕ್ಟರಿ ನೋಡಲು ಹೋದೆ. ದೊಡ್ಡ ದೊಡ್ಡ ಹಳೆ ಕಟ್ಟಡಗಳು. ಕೆಲವದರಲ್ಲಿ ಈಗ ಆಫೀಸು, ಅಂಗಡಿ. ಪಕ್ಕದಲ್ಲಿ ಫ್ಯಾಕ್ಟರಿಯವರಿಗಾಗಿ ಕಟ್ಟಿದ ಸಾಂಸ್ಕೃತಿಕ ಭವನ, ಕಂಬ ಗಿಂಬ ಎಲ್ಲ ಇಟ್ಟು ಅರಮನೆ ತರಹ, ಅಲ್ಲಿ ಇವತ್ತಿಗೂ ಕಾರ್ಯಕ್ರಮ ನಡೆಯುತ್ತವೆ. ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವರು ಕಟ್ಟಡ ನೋಡಲೇ ಇಲ್ಲ, ಗೇಟು ಎಲ್ಲಿ, ಗೇಟು ತೋರಿಸು ಅಂದರು. ಆಮೇಲೆ ಕೇಳಿದ್ದು ಒಂದೇ: "ಫ್ಯಾಕ್ಟರಿ ಇಲ್ಲ ಅಂದ್ರೆ ಪ್ಲೇಯರ್‌ಗಳಿಗೆ ಸಂಬಳ ಯಾರು ಕೊಡ್ತಾರೆ?" ಸ್ಪಾನ್ಸರ್ ಅಂದೆ. "ಪಾಪ" ಅಂದರು.

ರೇಟಿಂಗ್ ಕೇಳುವವರಿಗೆ: ಆಟಕ್ಕೆ ಐದಕ್ಕೆ ನಾಲ್ಕು. ಹಾಲ್‌ಗೆ ನಾಲ್ಕೂವರೆ, ಕುಳಿತ ಜಾಗ ನನ್ನದೇ ತಪ್ಪು. ಮಕ್ಕಳಿರುವ ಮನೆಯವರು ಧೈರ್ಯವಾಗಿ ಹೋಗಬಹುದು, ಕುಡಿದು ಗಲಾಟೆ ಮಾಡುವ ಗುಂಪು ನನಗೆ ಕಾಣಲಿಲ್ಲ. ಐಪಿಎಲ್ ತರಹದ ಬೆಳಕು, ಪಟಾಕಿ, ಪ್ರತಿ ನಿಮಿಷಕ್ಕೊಂದು ಹಾಡು ಬೇಕು ಅನ್ನುವವರಿಗೆ ಸಪ್ಪೆ ಅನ್ನಿಸಬಹುದು, ಅಂಥವರು ದೊಡ್ಡ ಅರೀನಾದಲ್ಲಿ ಯುರೋಪಿನ ಪಂದ್ಯವೋ ಲಾಟ್ವಿಯಾ ರಾಷ್ಟ್ರೀಯ ತಂಡದ ಪಂದ್ಯವೋ ಇದ್ದಾಗ ಹೋಗಿ. 2023ರ ವಿಶ್ವಕಪ್‌ನಲ್ಲಿ ಫ್ರಾನ್ಸ್, ಸ್ಪೇನ್ ಎರಡನ್ನೂ ಸೋಲಿಸಿ ಐದನೇ ಸ್ಥಾನಕ್ಕೆ ಬಂದ ಮೇಲೆ ಆ ಕೆಂಗಂದು ಜರ್ಸಿ ಇಲ್ಲಿ ಮನೆಮನೆಯಲ್ಲಿದೆ. ಸ್ಕಾರ್ಫ್ ಕೊಂಡೆ, ಬೆಚ್ಚಗಿದೆ, ಮೂರು ಸಲ ಒಗೆದರೂ ಬಣ್ಣ ಬಿಟ್ಟಿಲ್ಲ.

ಘೋಷಣೆ ಎಲ್ಲ ಲಾಟ್ವಿಯನ್‌ನಲ್ಲಿ. ನನಗೆ ಅರ್ಥವಾಗಿದ್ದು ಅಂಕ ಮತ್ತು "ಪಾಲ್ದಿಯೆಸ್", ಅಂದರೆ ಥ್ಯಾಂಕ್ಸ್. ಅಷ್ಟು ಸಾಕು.

ಮುಂದಿನ ತಿಂಗಳು ಟಿಟಿಟಿ ಪಂದ್ಯಕ್ಕೆ ಹೋಗುವ ಯೋಚನೆ ಇದೆ. ಆ ತಂಡ ಇನ್ನೂ ಆಡುತ್ತಿದೆ. ಟ್ರಾಮ್‌ನಲ್ಲೇ ಹೋಗುತ್ತೇನೆ, ಮತ್ತೇನು.